ಮೊದಲ ಸಲ ದೊಡ್ಡ ಫ್ಯಾನ್ ಕನ್ವೆನ್ಷನ್‌ಗೆ ಹೊರಟಿದ್ದೀರಾ? ಕ್ಯೂ ಲೆಕ್ಕ ಹಾಕಿಕೊಂಡು ಹೊರಡಿ

ಕಾಮಿಕ್ ಕಾನ್, ಅನಿಮೆ ಕಾನ್, ಗೇಮಿಂಗ್ ಕಾನ್, ಅಭಿಮಾನಿಗಳು ಸೇರುವ ಇಂಥ ಕನ್ವೆನ್ಷನ್ (ಮೇಳ) ಯಾವುದೇ ಇರಲಿ, ಹೊಸದಾಗಿ ಹೋಗುವವರು ಮೊದಲು ವೇಳಾಪಟ್ಟಿ ತೆರೆದು ಇಷ್ಟವಾದುದಕ್ಕೆಲ್ಲ ಟಿಕ್ ಹಾಕುತ್ತಾರೆ. ಹನ್ನೊಂದಕ್ಕೆ ಒಂದು ಪ್ಯಾನೆಲ್ (ಅತಿಥಿಗಳು ವೇದಿಕೆಯ ಮೇಲೆ ಕೂತು ಮಾತಾಡುವ ಕಾರ್ಯಕ್ರಮ), ಒಂದಕ್ಕೆ ಆಟೋಗ್ರಾಫ್, ಎರಡಕ್ಕೆ ಫೋಟೋ, ಮೂರಕ್ಕೆ ಇನ್ನೊಂದು ಪ್ಯಾನೆಲ್. ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಪ್ರತಿಯೊಂದರ ಮುಂದೆಯೂ ಒಂದು ಕ್ಯೂ ಇರುತ್ತದೆ ಎನ್ನುವುದು ಮಾತ್ರ ಆ ಪಟ್ಟಿಯಲ್ಲಿ ಬರೆದಿರುವುದಿಲ್ಲ.

ಸುಮ್ಮನೆ ಒಂದು ದಿನದ ಲೆಕ್ಕ ಹಾಕಿ ನೋಡಿ. ಬಾಗಿಲು ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚಿದರೆ ಕೈಯಲ್ಲಿರುವುದು ಒಂಬತ್ತು ಗಂಟೆ. ಹೆಸರಾಂತ ನಟರು ಬರುವ ಒಂದು ಪ್ಯಾನೆಲ್‌ಗೆ ಮೂರು ಗಂಟೆ ಕ್ಯೂ, ಒಂದು ಗಂಟೆ ಕಾರ್ಯಕ್ರಮ. ಆಟೋಗ್ರಾಫ್‌ಗೆ ಒಂದೂವರೆ ಗಂಟೆ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಫೋಟೋಗೆ ಮುಕ್ಕಾಲು ಗಂಟೆ. ಊಟ, ಶೌಚಾಲಯ, ಎಲ್ಲಾದರೂ ಕಾಲು ಚಾಚಿ ಕೂರುವುದು ಸೇರಿ ಒಂದೂವರೆ. ಒಂದು ಹಾಲ್‌ನಿಂದ ಇನ್ನೊಂದಕ್ಕೆ ಜನರ ನಡುವೆ ತೂರಿಕೊಂಡು ಓಡಾಡಲು ಒಂದು ಗಂಟೆ. ಕೂಡಿಸಿದರೆ ಎಂಟೂಮುಕ್ಕಾಲು. ಸ್ಟಾಲ್‌ಗಳನ್ನು ನೋಡಲು ಉಳಿದದ್ದು ಕಾಲು ಗಂಟೆ!

ಆದ್ದರಿಂದ ದಿನಕ್ಕೆ ಒಂದು ದೊಡ್ಡದು, ಒಂದು ಸಣ್ಣದು ಅಂತ ಇಟ್ಟುಕೊಳ್ಳಿ. ತಪ್ಪಿದರೆ ಬೇಜಾರಾಗುವಂಥದ್ದು ದೊಡ್ಡದು. ಸಿಕ್ಕರೆ ಸಂತೋಷ, ಸಿಗದಿದ್ದರೂ ಪರವಾಗಿಲ್ಲ ಎನ್ನುವಂಥದ್ದು ಸಣ್ಣದು. ಉಳಿದ ಹೊತ್ತನ್ನು ಬೇಕೆಂದೇ ಖಾಲಿ ಬಿಡಿ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಜನ ಎಷ್ಟಿರುತ್ತಾರೆ?

ಸ್ಯಾನ್ ಡಿಯಾಗೋದ ಕಾಮಿಕ್-ಕಾನ್ 1970ರಲ್ಲಿ ಕೆಲವು ನೂರು ಜನರಿಂದ ಶುರುವಾಯಿತು. ಈಗ 1,30,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಅಲ್ಲಿನ ಅತಿ ದೊಡ್ಡ ಸಭಾಂಗಣ ಹಾಲ್ ಎಚ್‌ನಲ್ಲಿ ಇರುವುದು ಸುಮಾರು 6,500 ಆಸನ. ಅಂದರೆ ಬಂದವರಲ್ಲಿ ಇಪ್ಪತ್ತಕ್ಕೆ ಒಬ್ಬರಿಗೆ ಮಾತ್ರ ಜಾಗ. ಟೋಕಿಯೋದ ಕಾಮಿಕೆಟ್, ಅಂದರೆ ಅಭಿಮಾನಿಗಳೇ ಮಾಡಿದ ಕಾಮಿಕ್ಸ್ ಮಾರುವ ಮೇಳ, 1975ರ ಡಿಸೆಂಬರ್‌ನಲ್ಲಿ ಸುಮಾರು 700 ಜನರೊಂದಿಗೆ ಆರಂಭವಾದದ್ದು, 2019ರಲ್ಲಿ ನಾಲ್ಕು ದಿನಗಳ ಒಟ್ಟು ಭೇಟಿ 7 ಲಕ್ಷ ದಾಟಿತ್ತು. ನೀವು ಹೋಗುವ ಕನ್ವೆನ್ಷನ್ ಇದರ ಹತ್ತನೆಯ ಒಂದು ಭಾಗವೇ ಇದ್ದರೂ ಆಸನ ಮತ್ತು ಜನರ ಅನುಪಾತ ಹೆಚ್ಚೇನೂ ಬದಲಾಗುವುದಿಲ್ಲ, ಏಕೆಂದರೆ ಸಣ್ಣ ಕನ್ವೆನ್ಷನ್‌ನ ಸಭಾಂಗಣವೂ ಸಣ್ಣದೇ.

ಹೊರಡುವ ಮೊದಲು

ಟಿಕೆಟ್ ಅಥವಾ ಬ್ಯಾಡ್ಜ್ (ಕೊರಳಿಗೆ ಹಾಕುವ ಪ್ರವೇಶಪತ್ರ) ಅಧಿಕೃತ ಜಾಗದಲ್ಲೇ ಕೊಳ್ಳಿ. ದೊಡ್ಡ ಕನ್ವೆನ್ಷನ್‌ಗಳಲ್ಲಿ ಬ್ಯಾಡ್ಜ್ ಮೇಲೆ ಹೆಸರಿರುತ್ತದೆ, ಒಳಗೆ ಚಿಪ್ ಇರುವುದೂ ಉಂಟು. ಇನ್ನೊಬ್ಬರಿಂದ ಕೊಂಡದ್ದು ಬಾಗಿಲಲ್ಲಿ ಕೆಲಸ ಮಾಡದೆ ಹೋದರೆ ಕೇಳುವವರಿಲ್ಲ. ಅಂಚೆಯಲ್ಲಿ ಬಂದ ಬ್ಯಾಡ್ಜ್‌ನ ಫೋಟೋವನ್ನು ಬಾರ್‌ಕೋಡ್ ಕಾಣುವ ಹಾಗೆ ಇನ್‌ಸ್ಟಾಗ್ರಾಮ್‌ಗೆ ಹಾಕಬೇಡಿ. ನಕಲು ಮಾಡುವವರಿಗೆ ಅಷ್ಟು ಸಾಕು.

ಬ್ಯಾಡ್ಜ್ ಸ್ಥಳದಲ್ಲೇ ಪಡೆಯಬೇಕಿದ್ದರೆ ಹಿಂದಿನ ದಿನ ಸಂಜೆ ಕೊಡುತ್ತಾರಾ ನೋಡಿ. ಕೊಡುವುದಾದರೆ ಆ ಸಂಜೆಯೇ ಹೋಗಿ ಬನ್ನಿ, ಮೊದಲ ದಿನದ ಬೆಳಿಗ್ಗೆ ಒಂದು ಇಡೀ ಕ್ಯೂ ತಪ್ಪುತ್ತದೆ. ಬ್ಯಾಡ್ಜ್ ಕಳೆದರೆ ಬಹಳ ಕಡೆ ಇನ್ನೊಂದು ಕೊಡುವುದಿಲ್ಲ. ಕೊರಳಿನ ದಾರದ ಕೊಕ್ಕೆ ಜನರ ನಡುವೆ ಸಿಕ್ಕಿಕೊಂಡು ಕಳಚುವುದು ಮಾಮೂಲು; ಕೊಕ್ಕೆಯ ಜೊತೆಗೆ ಒಂದು ಸಣ್ಣ ಕೇಬಲ್ ಟೈ ಹಾಕಿ ಬಿಗಿದುಬಿಡಿ.

ನಿಯಮಗಳ ಪುಟವನ್ನು ಯಾರೂ ಓದುವುದಿಲ್ಲ, ಬಾಗಿಲಲ್ಲಿ ವಾಪಸ್ಸಾಗುವವರಲ್ಲಿ ಹೆಚ್ಚಿನವರು ಅದನ್ನು ಓದದವರೇ. ಐದು ವಿಷಯ ಹುಡುಕಿ: ಚೀಲದ ಅಳತೆಗೆ ಮಿತಿ ಇದೆಯೇ, ನೀರಿನ ಬಾಟಲಿ ಮತ್ತು ತಿಂಡಿ ಒಳಗೆ ಬಿಡುತ್ತಾರೆಯೇ, ಹೊರಗೆ ಹೋದರೆ ಮತ್ತೆ ಒಳಗೆ ಬರಬಹುದೇ, ಕಾಸ್‌ಪ್ಲೇ (ಇಷ್ಟದ ಪಾತ್ರದ ವೇಷ ಹಾಕುವುದು) ಆಯುಧಗಳಿಗೆ ಏನು ನಿಯಮ, ಒಂದು ಪ್ಯಾನೆಲ್ ಮುಗಿದ ಮೇಲೆ ಕೊಠಡಿ ಖಾಲಿ ಮಾಡಿಸುತ್ತಾರೆಯೇ. ಈ ಕೊನೆಯದು ನೋಡಲು ಸಣ್ಣ ವಿಷಯ. ಆದರೆ ನಿಮ್ಮ ದಿನ ಹೇಗಿರುತ್ತದೆ ಎನ್ನುವುದನ್ನು ನಿರ್ಧರಿಸುವುದು ಅದೇ, ಮುಂದೆ ಹೇಳುತ್ತೇವೆ.

ಹೆಚ್ಚು ಹೊತ್ತು ನಿಲ್ಲಲು ಆಗದವರು, ಗಾಲಿಕುರ್ಚಿ ಬಳಸುವವರು, ಗದ್ದಲ ತಾಳಲಾಗದವರು ಸಂಘಟಕರಿಗೆ ಮೊದಲೇ ಬರೆಯಿರಿ. ದೊಡ್ಡ ಕನ್ವೆನ್ಷನ್‌ಗಳಲ್ಲಿ ಇದಕ್ಕೆಂದೇ ಒಂದು ಮೇಜು ಇರುತ್ತದೆ. ಕ್ಯೂನಲ್ಲಿ ಕೂರಲು ವ್ಯವಸ್ಥೆ, ಜೊತೆಗಾರರಿಗೆ ಪಾಸ್, ಕೆಲವು ಕಡೆ ಸದ್ದಿಲ್ಲದ ಕೊಠಡಿ ಕೂಡ ಸಿಗುತ್ತವೆ. ಕೇಳಲು ಸಂಕೋಚಪಟ್ಟು ಎರಡನೆಯ ದಿನ ಹಾಸಿಗೆ ಹಿಡಿಯುವುದರಲ್ಲಿ ಅರ್ಥವಿಲ್ಲ.

ಚೀಲ ಮತ್ತು ಚಪ್ಪಲಿ

ಮೊದಲು ಪಾದ. ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದು ಇಲ್ಲಿ ದೊಡ್ಡ ಮಾತಲ್ಲ, ಅದೂ ಕಾಂಕ್ರೀಟ್ ನೆಲದ ಮೇಲೆ. ಹೊಸ ಶೂ ಹಾಕಿಕೊಂಡು ಬಂದವರನ್ನು ಮಧ್ಯಾಹ್ನ ಮೂರರ ಹೊತ್ತಿಗೆ ನಡಿಗೆಯಲ್ಲೇ ಗುರುತಿಸಬಹುದು. ಕನಿಷ್ಠ ಎರಡು ವಾರ ಹಾಕಿ ಪಳಗಿಸಿದ ಶೂ ಇರಲಿ. ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ ಬದಲಿಸಿ: ಹಿಂದಿನ ದಿನ ಉಜ್ಜಿದ ಜಾಗವೇ ಮತ್ತೆ ಉಜ್ಜುವುದು ತಪ್ಪುತ್ತದೆ, ಬೆವರೂ ಒಣಗುತ್ತದೆ. ಬೊಕ್ಕೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಉರಿಯುತ್ತದೆ. ಪ್ಲಾಸ್ಟರ್ ಹಚ್ಚಬೇಕಾದದ್ದು ಆಗ. ಬೊಕ್ಕೆ ಬಂದ ಮೇಲೆ ಹಚ್ಚಿದರೆ ನೋವು ಮುಚ್ಚುತ್ತದೆ ಅಷ್ಟೇ.

ಚೀಲ ಎರಡೂ ಹೆಗಲಿಗೆ ಹಾಕುವಂಥದ್ದು, ಖಾನೆಗಳು ಕಡಿಮೆ ಇರುವಂಥದ್ದು. ಹನ್ನೆರಡು ಜಿಪ್ ಇರುವ ಚೀಲವನ್ನು ತಪಾಸಣೆಯವರು ಹನ್ನೆರಡು ಸಲ ತೆಗೆದು ನೋಡುತ್ತಾರೆ. ಒಳಗೆ ಇರಬೇಕಾದವು: ಒಂದು ಲೀಟರ್ ನೀರಿನ ಬಾಟಲಿ, ಹಿಸುಕಿದರೂ ಕೆಡದ ಒಣ ತಿಂಡಿ ಎರಡು ಹೊತ್ತಿಗೆ ಆಗುವಷ್ಟು, ಆರೇಳು ಪ್ಲಾಸ್ಟರ್, ನೀವು ದಿನಾ ತೆಗೆದುಕೊಳ್ಳುವ ಔಷಧಿ, ಹ್ಯಾಂಡ್ ಸ್ಯಾನಿಟೈಸರ್, ಮಾಸ್ಕ್, ಕಿವಿಗೆ ಫೋಮ್ ಪ್ಲಗ್, ಒಂದು ಪೆನ್ನು, ತೆಳುವಾದ ಸ್ವೆಟರ್ ಅಥವಾ ಶಾಲು. ಹೊರಗೆ ಬಿಸಿಲಿದ್ದರೂ ದೊಡ್ಡ ಸಭಾಂಗಣದ ಹವಾನಿಯಂತ್ರಣದಲ್ಲಿ ಮೂರು ಗಂಟೆ ಕೂತರೆ ನಡುಕ ಹುಟ್ಟುತ್ತದೆ. ಮಡಚುವ ಸ್ಟೂಲ್ ಬಹಳ ಕಡೆ ಬಿಡುವುದಿಲ್ಲ. ನೆಲಕ್ಕೆ ಹಾಸಲು ಒಂದು ದಪ್ಪ ಬಟ್ಟೆ ಸಾಕು.

ಇನ್ನು ಫೋನು. ಸಾವಿರಾರು ಜನ ಒಂದೇ ಟವರ್‌ಗೆ ಅಂಟಿಕೊಂಡಾಗ ಇಂಟರ್‌ನೆಟ್ ಕೈಕೊಡುತ್ತದೆ. ಟಿಕೆಟ್, ನಕ್ಷೆ, ವೇಳಾಪಟ್ಟಿ ಮೂರನ್ನೂ ಹಿಂದಿನ ರಾತ್ರಿಯೇ ಸ್ಕ್ರೀನ್‌ಶಾಟ್ ತೆಗೆದಿಡಿ. ವಾಟ್ಸಾಪ್ ಹೋಗದ ಕಡೆ ಸಾದಾ ಎಸ್‌ಎಂಎಸ್ ಬಹಳ ಸಲ ಹೋಗುತ್ತದೆ. ಸಿಗ್ನಲ್ ಹುಡುಕುತ್ತಾ ಫೋನು ಬ್ಯಾಟರಿ ತಿನ್ನುವುದರಿಂದ, ಕ್ಯೂನಲ್ಲಿ ನಿಂತಾಗ ಏರೋಪ್ಲೇನ್ ಮೋಡ್ ಹಾಕಿದರೆ ಸಂಜೆವರೆಗೆ ಬರುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸುತ್ತದೆ ಎಂದುಕೊಳ್ಳಬೇಡಿ. ವೋಲ್ಟೇಜ್ ಬದಲಾಯಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ, ಒಂದು ಪೂರ್ತಿ ಮತ್ತು ಒಂದಿಷ್ಟು ಸಿಗುತ್ತದೆ. ವಿಮಾನದಲ್ಲಿ ಹೋಗುವವರಾದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸಾಮಾನ್ಯ ಮಿತಿ 100 ವಾಟ್-ಅವರ್. 20,000 ಎಂಎಎಚ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್, ಮಿತಿಯ ಒಳಗೇ ಇದೆ.

ಗುಂಪಾಗಿ ಹೋಗುವವರು ಸೇರುವ ಜಾಗ ಒಂದನ್ನು ಗೊತ್ತುಮಾಡಿಕೊಳ್ಳಿ. ಮುಖ್ಯ ಬಾಗಿಲು ಬೇಡ, ಎಲ್ಲರೂ ಆರಿಸುವುದು ಅದನ್ನೇ. ಯಾವುದೋ ಮೂಲೆಯ ಸಂಖ್ಯೆ ಬರೆದ ಕಂಬ ಒಳ್ಳೆಯದು. ಸಮಯವನ್ನೂ ಗೊತ್ತುಮಾಡಿ: ಫೋನು ಸತ್ತರೂ ಎರಡು ಗಂಟೆಗೆ ಆ ಕಂಬದ ಹತ್ತಿರ.

ಮಕ್ಕಳಿದ್ದರೆ ಬೆಳಿಗ್ಗೆ ಹೊರಡುವಾಗಲೇ ಅವರ ಒಂದು ಪೂರ್ಣ ಫೋಟೋ ತೆಗೆಯಿರಿ, ತಪ್ಪಿಸಿಕೊಂಡರೆ ಯಾವ ಬಟ್ಟೆ ಎಂದು ನೆನಪಿಸಿಕೊಳ್ಳುತ್ತಾ ನಿಲ್ಲಬೇಕಾಗುವುದಿಲ್ಲ. ನಿಮ್ಮ ನಂಬರನ್ನು ಮಗುವಿನ ಮಣಿಕಟ್ಟಿನ ಮೇಲೇ ಬರೆಯಿರಿ; ಜೇಬಿನಲ್ಲಿಟ್ಟ ಚೀಟಿ ಉಳಿಯುವುದಿಲ್ಲ. ಸಿಬ್ಬಂದಿಯ ಅಂಗಿ ಯಾವ ಬಣ್ಣದ್ದು ಎಂದು ಒಳಗೆ ಹೋದ ಕೂಡಲೇ ತೋರಿಸಿ.

ಮೊದಲ ಗಂಟೆ

ಬಾಗಿಲು ತೆರೆದ ಕೂಡಲೇ ಜನ ಎದುರಿಗೆ ಕಾಣುವ ದೊಡ್ಡ ಸ್ಟಾಲ್‌ಗೆ ಮುಗಿಬೀಳುತ್ತಾರೆ. ನಿಮಗೆ ಅಲ್ಲಿಯೇ ಸೀಮಿತ ಸಂಖ್ಯೆಯ ವಸ್ತು ಏನಾದರೂ ಬೇಕಿಲ್ಲದಿದ್ದರೆ ನೇರವಾಗಿ ಹಾಲ್‌ನ ಹಿಂಬದಿಗೆ ನಡೆದು, ಅಲ್ಲಿಂದ ಬಾಗಿಲ ಕಡೆಗೆ ನೋಡುತ್ತಾ ಬನ್ನಿ. ಮೊದಲ ಒಂದು ಗಂಟೆ ಹಿಂದಿನ ಸಾಲುಗಳು ಖಾಲಿಯಿರುತ್ತವೆ.

ಆರ್ಟಿಸ್ಟ್ ಆಲಿ, ಅಂದರೆ ಕಲಾವಿದರು ತಾವೇ ಮೇಜು ಹಾಕಿಕೊಂಡು ಕೂರುವ ಭಾಗ, ಹಲವು ಕಡೆ ಹಿಂದೆಯೇ ಇರುತ್ತದೆ. ನಿಮಗಾಗಿ ಒಂದು ಚಿತ್ರ ಬರೆಸಬೇಕೆಂದಿದ್ದರೆ ಮೊದಲ ದಿನದ ಮೊದಲ ಗಂಟೆಯೇ ಹೋಗಬೇಕು. ಒಬ್ಬ ಕಲಾವಿದ ದಿನಕ್ಕೆ ಬಿಡಿಸಬಲ್ಲದ್ದು ಕೆಲವೇ ಚಿತ್ರ. ಹೆಸರುವಾಸಿಗಳ ಪಟ್ಟಿ ಮಧ್ಯಾಹ್ನದೊಳಗೆ ತುಂಬಿಬಿಡುತ್ತದೆ. ಪಾತ್ರದ ಸ್ಪಷ್ಟ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ದರ, ಮುಂಗಡ, ಯಾವಾಗ ಬಂದು ತೆಗೆದುಕೊಳ್ಳಬೇಕು ಮೂರನ್ನೂ ಕೇಳಿ ಬರೆದುಕೊಳ್ಳಿ.

ಕ್ಯೂ ಓದುವ ಬಗೆ

ಆಟೋಗ್ರಾಫ್ ಕ್ಯೂ ಸೇರುವ ಮೊದಲು ಸ್ವಲ್ಪ ಹೊತ್ತು ದೂರ ನಿಂತು ಲೆಕ್ಕ ಹಾಕಿ. ಮೇಜಿನ ಬಳಿ ಹತ್ತು ಜನ ಮುಗಿಯಲು ಎಷ್ಟು ಹೊತ್ತು ಹಿಡಿಯಿತು? ಏಳು ನಿಮಿಷ ಎನ್ನಿ. ನಿಮ್ಮ ಮುಂದೆ 120 ಜನ ಇದ್ದರೆ 84 ನಿಮಿಷ. ಅತಿಥಿ ನೀರು ಕುಡಿಯಲು ಏಳುತ್ತಾರೆ, ಪರಿಚಯದವರು ನಡುವೆ ಬರುತ್ತಾರೆ. ಕಾಲು ಭಾಗ ಸೇರಿಸಿದರೆ ಸುಮಾರು ಒಂದೂಮುಕ್ಕಾಲು ಗಂಟೆ. ಅತಿಥಿ ಮುಗಿಸಿ ಏಳುವ ಸಮಯ ಅದಕ್ಕೆ ಮುಂಚೆಯೇ ಇದ್ದರೆ ನಿಲ್ಲುವುದೇ ವ್ಯರ್ಥ. ತಿರುವುಗಳಿರುವ ಉದ್ದ ಕ್ಯೂ ಎಣಿಸುವಾಗ ಒಂದು ಮಡಿಕೆಯಲ್ಲಿ ಎಷ್ಟು ಜನ ಎಂದು ಎಣಿಸಿ ಮಡಿಕೆಗಳಿಂದ ಗುಣಿಸಿ.

ಕ್ಯೂನ ತುದಿ ಯಾವುದು ಎಂದು ಕೇಳದೆ ಸೇರಬೇಡಿ. ಜನ ಓಡಾಡುವ ದಾರಿ ಬಿಡಲು ಸಾಲನ್ನು ನಡುವೆ ಕತ್ತರಿಸಿ ಆಚೆ ಬದಿಯಲ್ಲಿ ಮುಂದುವರಿಸಿರುತ್ತಾರೆ. ಕತ್ತರಿಸಿದ ಜಾಗವನ್ನೇ ತುದಿ ಎಂದುಕೊಂಡು ನಿಂತವರ ಮೇಲೆ ಆಚೆಗಿನ ಇನ್ನೂರು ಜನ ರೇಗುತ್ತಾರೆ. ಕಾಮಿಕೆಟ್‌ನಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ. ಸಾಲಿನ ಕೊನೆಯವರು ‘ತುದಿ ಇಲ್ಲಿ’ ಎನ್ನುವ ಫಲಕ ಹಿಡಿದು ನಿಂತಿರುತ್ತಾರೆ, ನೀವು ಸೇರಿದರೆ ಅದು ನಿಮ್ಮ ಕೈಗೆ, ನಿಮ್ಮ ಹಿಂದೆ ಇನ್ನೊಬ್ಬರು ಬಂದರೆ ಅವರ ಕೈಗೆ. ಬೇರೆ ಕನ್ವೆನ್ಷನ್‌ಗಳು ಇದನ್ನು ಯಾಕೆ ಕಲಿತಿಲ್ಲವೋ!

‘ಕ್ಯೂ ಕ್ಲೋಸ್’ ಎಂದು ಸಿಬ್ಬಂದಿ ಹೇಳಿದ ಮೇಲೆ ಪಕ್ಕದಲ್ಲೇ ಸುಳಿದಾಡುತ್ತಾ ನಿಂತರೆ ಪ್ರಯೋಜನವಿಲ್ಲ, ಅಲ್ಲಿ ನಿಂತವರನ್ನು ಚದುರಿಸುವುದೂ ಅವರ ಕೆಲಸವೇ. ಮತ್ತೆ ಎಷ್ಟು ಹೊತ್ತಿಗೆ ತೆರೆಯುತ್ತೀರಿ ಎಂದು ಕೇಳಿ ಹೊರಟುಬಿಡಿ. ಶೌಚಾಲಯಕ್ಕೆ ಹೋಗಬೇಕಾದರೆ ಮುಂದಿನವರಿಗೂ ಹಿಂದಿನವರಿಗೂ ಹೇಳಿ ಹೋಗಿ. ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಒಬ್ಬರು ನಿಂತು ಕೊನೆಯ ನಿಮಿಷದಲ್ಲಿ ಎಂಟು ಗೆಳೆಯರನ್ನು ಸೇರಿಸಿಕೊಳ್ಳುವುದು ಮಾತ್ರ ಜಗಳದ ಮೂಲ.

ಈಗ ಕೊಠಡಿ ಖಾಲಿ ಮಾಡಿಸುವ ವಿಷಯ. ಪ್ರತಿ ಪ್ಯಾನೆಲ್ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸುವ ಕಡೆ, ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪ್ಯಾನೆಲ್‌ಗೆ ನಿಂತ ಕ್ಯೂ ನಿಜವಾಗಿಯೂ ಆ ಪ್ಯಾನೆಲ್‌ನದ್ದೇ. ಸ್ಯಾನ್ ಡಿಯಾಗೋದಲ್ಲಿ ಹಾಗೆ ಮಾಡುವುದಿಲ್ಲ; ಬೆಳಿಗ್ಗೆ ಒಳಗೆ ಕೂತವರು ಸಂಜೆವರೆಗೂ ಕೂರಬಹುದು. ಅಂಥ ಕಡೆ ಮೂರು ಗಂಟೆಯ ಜನಪ್ರಿಯ ಪ್ಯಾನೆಲ್‌ಗೆ ಹನ್ನೆರಡರ ಹೊತ್ತಿಗೇ ಆಸನ ತುಂಬಿರುತ್ತದೆ. ಅದೇ ಕೊಠಡಿಯಲ್ಲಿ ಅದಕ್ಕೆ ಮೊದಲು ನಡೆಯುವ, ಹೆಚ್ಚು ಸದ್ದಿಲ್ಲದ ಕಾರ್ಯಕ್ರಮಕ್ಕೇ ಹೋಗಿ ಕೂರುವುದು ದಾರಿ. ಆದರೆ ಮುಂದಿನ ಕಾರ್ಯಕ್ರಮಕ್ಕೆ ಜಾಗ ಹಿಡಿದು ಕೂತವರು ಈಗ ವೇದಿಕೆಯ ಮೇಲಿರುವವರ ಮುಂದೆ ಫೋನು ಕೆದಕುತ್ತಾ ಕೂರುವುದು ಅಸಹ್ಯ, ಕೂತಿದ್ದೀರಿ, ಕೇಳಿಸಿಕೊಳ್ಳಿ. ಇದರದೇ ಇನ್ನೊಂದು ಮಗ್ಗುಲು: ದೊಡ್ಡ ಪ್ಯಾನೆಲ್ ಮುಗಿದೊಡನೆ ಅರ್ಧ ಸಭಾಂಗಣ ಎದ್ದು ಹೋಗುತ್ತದೆ, ಅದರ ಮುಂದಿನದ್ದಕ್ಕೆ ಸಲೀಸಾಗಿ ಒಳಗೆ ಹೋಗಬಹುದು.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ಸಲ ಹೋಗುವವರು ಅತಿ ದೊಡ್ಡ ಸಭಾಂಗಣದ ಆಸೆಯನ್ನೇ ಬಿಡುವುದು ಒಳ್ಳೆಯದು. ಅಲ್ಲಿ ತೋರಿಸುವ ಟ್ರೇಲರ್ ಬಹಳ ಸಲ ಅದೇ ದಿನ ಇಂಟರ್‌ನೆಟ್‌ಗೆ ಬರುತ್ತದೆ, ನಟರು ಕಾಣುವುದೂ ಪರದೆಯ ಮೇಲೆಯೇ. ನೂರು ಜನ ಹಿಡಿಸುವ ಕೊಠಡಿಯಲ್ಲಿ ಒಬ್ಬ ಲೆಟರಿಂಗ್ ಕಲಾವಿದನೋ (ಕಾಮಿಕ್‌ನಲ್ಲಿ ಮಾತುಗಳ ಅಕ್ಷರ ಬರೆಯುವವನು) ಧ್ವನಿ ಕಲಾವಿದೆಯೋ ತಮ್ಮ ಕೆಲಸವನ್ನು ಬಿಡಿಸಿ ಹೇಳುವುದನ್ನು ಯಾರೂ ರೆಕಾರ್ಡ್ ಮಾಡಿರುವುದಿಲ್ಲ, ಹದಿನೈದು ನಿಮಿಷ ಮುಂಚೆ ಹೋದರೆ ಎರಡನೆಯ ಸಾಲಿನಲ್ಲಿ ಜಾಗ ಸಿಗುತ್ತದೆ. ಪ್ರಶ್ನೆ ಕೇಳಲು ಮೈಕ್ ಸಿಕ್ಕರೆ ಒಂದೇ ಪ್ರಶ್ನೆ, ಇಪ್ಪತ್ತು ಸೆಕೆಂಡಿನೊಳಗೆ. ನಿಮ್ಮ ಜೀವನಚರಿತ್ರೆ, ಅಪ್ಪಿಕೊಳ್ಳಬಹುದೇ ಎನ್ನುವ ಕೋರಿಕೆ, ನೀವು ಬರೆದ ಕಥೆಯ ಹಸ್ತಪ್ರತಿ ಬೇಡ.

ಆಟೋಗ್ರಾಫ್ ಮತ್ತು ಫೋಟೋ

ಸಹಿ ಮಾಡಿಸುವ ವಸ್ತುವನ್ನು ಕ್ಯೂನಲ್ಲೇ ಕವರ್‌ನಿಂದ ಹೊರತೆಗೆದು, ಯಾವ ಜಾಗದಲ್ಲಿ ಸಹಿ ಬೇಕೋ ಅಲ್ಲಿಗೆ ಸಣ್ಣ ಅಂಟುಚೀಟಿ ಹಚ್ಚಿ, ಅದರ ಮೇಲೆ ನಿಮ್ಮ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದಿಡಿ. ಗದ್ದಲದಲ್ಲಿ ಹೆಸರಿನ ಕಾಗುಣಿತ ಹೇಳಿ ಮುಗಿಯುವುದಿಲ್ಲ. ಕಪ್ಪು ಮುಖಪುಟಕ್ಕೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಮಾರ್ಕರ್ ಒಯ್ಯಿರಿ. ಮೊದಲೇ ಅಲ್ಲಾಡಿಸಿ ಬೇರೆ ಕಾಗದದ ಮೇಲೆ ಗೀಚಿ ನೋಡಿ, ಇಲ್ಲವಾದರೆ ಮೊದಲ ಅಕ್ಷರದಲ್ಲೇ ಬಣ್ಣ ತೊಟ್ಟಿಕ್ಕುತ್ತದೆ. ಹೊಳಪಿನ ಕಾಗದದ ಮೇಲಿನ ಶಾಯಿ ಒಣಗಲು ಕೆಲವು ನಿಮಿಷ ಬೇಕು. ಸಹಿ ಆದೊಡನೆ ಕವರ್‌ಗೆ ತುರುಕಿ ಅದನ್ನು ಬಳಿದುಬಿಡುವುದೇ ಇಲ್ಲಿನ ಅತಿ ಸಾಮಾನ್ಯ ತಪ್ಪು. ತೆರೆದು ಹಿಡಿದುಕೊಂಡು ಗೋಡೆ ಬದಿಗೆ ಸರಿದು ನಿಲ್ಲಿ.

ದುಡ್ಡು ಕೊಟ್ಟು ನಟರ ಜೊತೆ ತೆಗೆಸುವ ಫೋಟೋದಲ್ಲಿ ನಿಮಗೆ ಸಿಗುವುದು ಕೆಲವೇ ಸೆಕೆಂಡು. ಚೀಲವನ್ನು ಮೇಜಿನ ಮೇಲಿಟ್ಟು, ನಡೆದು ಹೋಗಿ, ನಿಂತು, ಕ್ಯಾಮೆರಾ ನೋಡಿ, ಹೊರಗೆ. ಯಾವ ಭಂಗಿ ಬೇಕೆಂದು ಮೊದಲೇ ತೀರ್ಮಾನಿಸಿ ಒಂದೇ ವಾಕ್ಯದಲ್ಲಿ ಕೇಳಿ. ಹೆಗಲ ಮೇಲೆ ಕೈ ಹಾಕುವುದಾದರೂ ಕೇಳಿಯೇ ಹಾಕಿ. ಕನ್ನಡಕದ ಗಾಜಿನಲ್ಲಿ ಫ್ಲ್ಯಾಶ್ ಹೊಳೆಯುತ್ತದೆ, ಗದ್ದವನ್ನು ಸ್ವಲ್ಪ ಕೆಳಗಿಳಿಸಿದರೆ ಹೋಗುತ್ತದೆ. ಮಾತಾಡಬೇಕೆಂಬ ಆಸೆ ಇರುವವರು ಫೋಟೋಗಿಂತ ಆಟೋಗ್ರಾಫ್‌ಗೆ ದುಡ್ಡು ಹಾಕಿ. ಸಹಿ ಹಾಕುವಷ್ಟು ಹೊತ್ತಾದರೂ ಎದುರಿಗೆ ಇರುತ್ತೀರಿ.

ಕೊಳ್ಳುವುದು

ಸೀಮಿತ ಸಂಖ್ಯೆಯದ್ದನ್ನು ಮೊದಲ ದಿನ, ಎಲ್ಲ ಕಡೆ ಸಿಗುವುದನ್ನು ಕೊನೆಯ ದಿನ, ಪುಸ್ತಕದಂಥ ಭಾರದ ವಸ್ತುಗಳನ್ನು ಹೊರಡುವ ಮುಂಚಿನ ಗಂಟೆಯಲ್ಲಿ. ಮುಚ್ಚುವ ಹೊತ್ತಿಗೆ ಕೆಲವು ವ್ಯಾಪಾರಿಗಳು ಬೆಲೆ ಇಳಿಸುತ್ತಾರೆ, ವಾಪಸ್ ಹೊತ್ತುಕೊಂಡು ಹೋಗುವುದು ಅವರಿಗೂ ಕಷ್ಟ. ತಾವೇ ಬಿಡಿಸಿದ್ದನ್ನು ಮಾರುವ ಕಲಾವಿದರ ಬಳಿ ಮಾತ್ರ ಚೌಕಾಸಿ ಬೇಡ. ಅವರ ಚಿತ್ರಗಳ ಫೋಟೋ ತೆಗೆಯುವ ಮುಂಚೆಯೂ ಕೇಳಬೇಕು.

ನೆಟ್‌ವರ್ಕ್ ಇಲ್ಲದಾಗ ಕಾರ್ಡ್ ಯಂತ್ರವೂ ನಡೆಯುವುದಿಲ್ಲ, ಆದ್ದರಿಂದ ನಗದು ಇರಲಿ, ಅದೂ ಸಣ್ಣ ನೋಟುಗಳಲ್ಲಿ. ಒಟ್ಟು ಮೊತ್ತವನ್ನು ದಿನಕ್ಕೊಂದು ಲಕೋಟೆಯಾಗಿ ಹಂಚಿಟ್ಟರೆ ಮೊದಲ ದಿನವೇ ಖಾಲಿಯಾಗುವುದು ತಪ್ಪುತ್ತದೆ.

ಪ್ರಿಂಟ್ ಕೊಳ್ಳುವವರು ಒಂದು ಅಳತೆ ನೆನಪಿಡಿ. ಕಲಾವಿದರು ಬಹಳವಾಗಿ ಮಾರುವ ಪ್ರಿಂಟ್ 11×17 ಇಂಚು, ಅಂದರೆ 279×432 ಮಿಲಿಮೀಟರ್. ಪ್ರಿಂಟ್ ಇಟ್ಟುಕೊಳ್ಳುವ ಎ3 ಫೈಲ್ 420 ಮಿಲಿಮೀಟರ್ ಕಾಗದಕ್ಕೆ ಮಾಡಿದ್ದು. 12 ಮಿಲಿಮೀಟರ್ ಹೊರಗೆ ಉಳಿದು ಅಂಚು ಮಡಚಿಕೊಳ್ಳುತ್ತದೆ. 11×17 ಎಂದೇ ಬರೆದಿರುವ ಫೈಲ್ ಕೊಳ್ಳಿ, ಅಥವಾ ಏಳೆಂಟು ಸೆಂಟಿಮೀಟರ್ ಅಗಲದ ಗಟ್ಟಿ ಪೋಸ್ಟರ್ ಟ್ಯೂಬ್ ಒಯ್ಯಿರಿ. ಸಣ್ಣ ಟ್ಯೂಬ್‌ಗೆ ಬಿಗಿಯಾಗಿ ಸುತ್ತಿದ ದಪ್ಪ ಕಾಗದ ಆಮೇಲೆ ನೆಟ್ಟಗಾಗುವುದಿಲ್ಲ. ಕಾಮಿಕ್ ಪುಸ್ತಕಗಳಿಗೆ ಪಾರದರ್ಶಕ ಕವರ್ ಜೊತೆಗೆ ಹಿಂದೆ ರಟ್ಟು ಇರಲೇಬೇಕು. ಬರೀ ಕವರ್ ಚೀಲದೊಳಗೆ ಮೂಲೆ ಕಾಯುವುದಿಲ್ಲ.

ಕಾಸ್‌ಪ್ಲೇ ಮಾಡುವವರಿಗೆ

ವೇಷವನ್ನು ಮನೆಯಲ್ಲಿ ಕನ್ನಡಿ ಮುಂದೆ ಐದು ನಿಮಿಷ ಹಾಕಿ ನೋಡಿದರೆ ಸಾಲದು. ಮೂರು ಗಂಟೆ ಹಾಕಿಕೊಂಡೇ ಮನೆಗೆಲಸ ಮಾಡಿ. ಕೂರಲು ಆಗುತ್ತದೆಯೇ? ಮೆಟ್ಟಿಲು ಇಳಿಯುವಾಗ ಪಾದ ಕಾಣುತ್ತದೆಯೇ? ಯಾರ ಸಹಾಯವೂ ಇಲ್ಲದೆ ಶೌಚಾಲಯಕ್ಕೆ ಹೋಗಿ ಬರಬಹುದೇ? ಮಾಮೂಲು ಬಾಗಿಲಿನ ಅಗಲ 80–90 ಸೆಂಟಿಮೀಟರ್. ರೆಕ್ಕೆ, ಹೆಗಲ ಕವಚ ಅದಕ್ಕಿಂತ ಅಗಲವಿದ್ದರೆ ಕಳಚಿಡುವಂತೆ ಮಾಡಿ. ಮುಖವಾಡ ಹಾಕಿದವರು ನೀರು ಕುಡಿಯಲು ಒಂದು ಹೀರುಕೊಳವೆ ಇಟ್ಟುಕೊಳ್ಳಬೇಕು. ಫೋಮ್ ಕವಚದೊಳಗೆ ಮೈ ಬೆವರುತ್ತದೆ, ಬೆವರು ಆರುವುದಿಲ್ಲ, ತಲೆ ಸುತ್ತುವುದು ಅದರಿಂದಲೇ. ಗಂಟೆಗೊಮ್ಮೆ ತಲೆಯ ಭಾಗ ತೆಗೆದು ಹತ್ತು ನಿಮಿಷ ಕೂರಿ.

ಬಿಸಿ ಅಂಟಿನಿಂದ ಜೋಡಿಸಿದ ಇವಿಎ ಫೋಮ್ (ಕವಚ ಮಾಡುವ ಸ್ಪಂಜಿನಂಥ ಹಾಳೆ) ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟುಕೊಳ್ಳುತ್ತದೆ, ಏಕೆಂದರೆ ಆ ಅಂಟು ಶಾಖಕ್ಕೆ ಮತ್ತೆ ಮೆತ್ತಗಾಗುತ್ತದೆ. ಭಾರ ಹೊರುವ ಜೋಡಣೆಗಳಿಗೆ ಕಾಂಟ್ಯಾಕ್ಟ್ ಸಿಮೆಂಟ್ ಎನ್ನುವ ಅಂಟು ಹಚ್ಚಿ. ರಿಪೇರಿ ಡಬ್ಬಿಯಲ್ಲಿ ಹತ್ತು ಹನ್ನೆರಡು ಪಿನ್ನು, ಸೂಜಿ ದಾರ, ಸೂಪರ್ ಗ್ಲೂ, ಎರಡೂ ಬದಿ ಅಂಟುವ ಟೇಪು, ಬಟ್ಟೆಯ ಗ್ಯಾಫರ್ ಟೇಪು, ಐದಾರು ಕೇಬಲ್ ಟೈ ಇರಲಿ. ಗ್ಲೂ ಗನ್ ಒಯ್ದು ಪ್ರಯೋಜನವಿಲ್ಲ, ಪ್ಲಗ್ ಸಿಗುವುದಿಲ್ಲ. ಮೈಗೆ ಬಣ್ಣ ಬಳಿದುಕೊಂಡವರು ಪೌಡರ್ ಅಥವಾ ಸೀಲರ್ ಹಾಕಿ ಕೂರಿಸದಿದ್ದರೆ ಆ ಬಣ್ಣ ಪಕ್ಕದವರ ಬಿಳಿ ಅಂಗಿಗೆ ಹೋಗುತ್ತದೆ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ವೈದ್ಯರನ್ನು ಕೇಳದೆ ಬೇಡ, ಇನ್ನೊಬ್ಬರದ್ದಂತೂ ಖಂಡಿತ ಬೇಡ.

ಕತ್ತಿ, ಬಂದೂಕಿನಂಥ ಪ್ರಾಪ್‌ಗಳನ್ನು ಬಾಗಿಲ ಬಳಿ ಒಂದು ಮೇಜಿನಲ್ಲಿ ಪರೀಕ್ಷಿಸಿ, ಬಳಸಲಾಗದ ಹಾಗೆ ಕಟ್ಟಿ, ಗುರುತು ಹಾಕುತ್ತಾರೆ. ಆ ಮೇಜಿಗೂ ಕ್ಯೂ ಇದೆ, ನಿಮ್ಮ ಲೆಕ್ಕಕ್ಕೆ ಸೇರಿಸಿ. ಲೋಹದ ಅಲಗು, ಏನನ್ನಾದರೂ ಹಾರಿಸುವ ಯಂತ್ರ ಸಾಮಾನ್ಯವಾಗಿ ಎಲ್ಲೂ ಒಳಗೆ ಬಿಡುವುದಿಲ್ಲ. ಕಾಮಿಕೆಟ್‌ನಲ್ಲಿ ವೇಷ ಧರಿಸಿಯೇ ಮನೆಯಿಂದ ಬರುವುದಕ್ಕೂ ಅವಕಾಶವಿಲ್ಲ. ಒಳಗಿನ ಕೊಠಡಿಯಲ್ಲೇ ಬದಲಿಸಿ, ಅಲ್ಲೇ ಕಳಚಿ ಹೋಗಬೇಕು. ಮೂರು ದಿನದ ಕನ್ವೆನ್ಷನ್ ಆದರೆ ಎರಡನೆಯ ದಿನ ವೇಷ ಹಾಕಿ: ಮೊದಲ ದಿನ ಜಾಗ ಪರಿಚಯವಾಗಿರುತ್ತದೆ, ಕೊನೆಯ ದಿನ ಗಂಟುಮೂಟೆಯ ಗಡಿಬಿಡಿ. ದೊಡ್ಡ ಆಟೋಗ್ರಾಫ್ ಕ್ಯೂ ಇರುವ ದಿನ ರೆಕ್ಕೆ ಬೇಡವೇ ಬೇಡ.

ಫೋಟೋ ತೆಗೆಯುವವರಿಗೂ ಒಂದು ಮಾತು. ಕೇಳಿ ತೆಗೆಯಿರಿ, ಮುಟ್ಟಬೇಡಿ, ಊಟ ಮಾಡುತ್ತಿರುವವರನ್ನು ಬಿಟ್ಟುಬಿಡಿ. ವೇಷ ಹಾಕಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗಲ್ಲ ಎನ್ನುವ ಫಲಕಗಳನ್ನು ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ ಎದ್ದು ಕಾಣುವಂತೆ ನಿಲ್ಲಿಸಿತು. ಈಗ ಹೆಚ್ಚಿನ ಕಡೆ ಇದು ನಿಯಮವೇ, ಮೀರಿದರೆ ಬ್ಯಾಡ್ಜ್ ಕಿತ್ತುಕೊಂಡು ಹೊರಗೆ ಕಳಿಸುತ್ತಾರೆ. ಜನ ಓಡಾಡುವ ದಾರಿಯ ನಡುವೆ, ಅದರಲ್ಲೂ ಎಸ್ಕಲೇಟರ್ ಮುಗಿಯುವ ಜಾಗದಲ್ಲಿ ನಿಂತು ಭಂಗಿ ಕೊಡಬೇಡಿ. ಎಸ್ಕಲೇಟರ್ ನಿಲ್ಲುವುದಿಲ್ಲ, ಹಿಂದಿನವರು ಬಂದು ಮೇಲೆ ಬೀಳುತ್ತಾರೆ.

ಜನ ಒತ್ತಿದಾಗ

ಒಂದು ಚದರ ಮೀಟರಿನಲ್ಲಿ ಎರಡು ಮೂರು ಜನ ಇದ್ದರೆ ನಿಮ್ಮ ಇಷ್ಟಕ್ಕೆ ಹೆಜ್ಜೆ ಹಾಕಬಹುದು. ನಾಲ್ಕು ದಾಟಿದರೆ ಕಷ್ಟ. ಆರರ ಹತ್ತಿರ ಬಂದರೆ ನೀವು ನಡೆಯುವುದಿಲ್ಲ, ಗುಂಪು ನಿಮ್ಮನ್ನು ಹೊಳೆಯ ನೀರಿನ ಹಾಗೆ ಒಯ್ಯುತ್ತದೆ. ಎಣಿಸುತ್ತಾ ನಿಲ್ಲುವ ಅಗತ್ಯವಿಲ್ಲ: ಎರಡೂ ಹೆಗಲಿಗೆ ಅಪರಿಚಿತರು ತಾಗುತ್ತಿದ್ದಾರೆ, ಕೈಯನ್ನು ಮುಖದ ತನಕ ಎತ್ತಲು ಕಷ್ಟವಾಗುತ್ತಿದೆ ಎಂದರೆ ಹೊರಬೀಳಬೇಕಾದ ಹೊತ್ತು ಅದು. ಉಚಿತವಾಗಿ ಏನೋ ಹಂಚುತ್ತಾರೆ ಎಂದು ಜನ ಓಡುವ ಕಡೆಗೆ ಹೋಗಲೇಬೇಡಿ.

ಸಿಕ್ಕಿಕೊಂಡೇ ಬಿಟ್ಟರೆ, ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ಹಿಡಿಯಿರಿ. ಇಂಥ ನೂಕುನುಗ್ಗಲಿನಲ್ಲಿ ಜನ ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟಿ. ಎದುರು ತಳ್ಳಬೇಡಿ, ಅಲೆ ಬಂದಾಗ ಅದರ ಜೊತೆ ಸಾಗಿ, ತಗ್ಗಿದಾಗ ಓರೆಯಾಗಿ ಬದಿಗೆ ಸರಿಯಿರಿ. ಗೋಡೆ, ಕಬ್ಬಿಣದ ತಡೆಗಳಿಂದ ದೂರವಿರಿ. ಏನೇ ಬಿದ್ದರೂ ಬಗ್ಗಬೇಡಿ, ಫೋನಾದರೂ ಸರಿ. ನೀವೇ ಬಿದ್ದು ಏಳಲಾಗದಿದ್ದರೆ ಮಗ್ಗುಲಾಗಿ ಮಲಗಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು, ಕೈಗಳಿಂದ ತಲೆ ಮುಚ್ಚಿಕೊಳ್ಳಿ. ಒಳಗೆ ಹೋದ ಕೂಡಲೇ ಬಂದ ಬಾಗಿಲು ಬಿಟ್ಟು ಇನ್ನೆರಡು ಹೊರದಾರಿ ಎಲ್ಲಿವೆ ಎಂದು ನೋಡಿಕೊಂಡಿರಿ.

ಊಟ, ನಿದ್ದೆ, ಸ್ನಾನ

ಕನ್ವೆನ್ಷನ್ ಹಳಬರು 5-2-1 ಎಂದು ಹೇಳುವುದುಂಟು: ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ನಗು ಬರುತ್ತದೆ ನಿಜ, ಆದರೆ ಮೂರನೆಯ ದಿನ ಮುಚ್ಚಿದ ಕೊಠಡಿಯಲ್ಲಿ ಕೂತಾಗ ಕೊನೆಯ ಅಂಕಿ ಯಾಕಿದೆ ಎಂದು ತಿಳಿಯುತ್ತದೆ. ಐದು ಗಂಟೆ ತೀರಾ ಕಡಿಮೆ, ಆರೇಳು ಇದ್ದರೆ ಒಳ್ಳೆಯದು. ಹನ್ನೆರಡರಿಂದ ಎರಡರವರೆಗೆ ಊಟದ ಕ್ಯೂ ಅತಿ ಉದ್ದ. ಹನ್ನೊಂದಕ್ಕೋ ಎರಡೂವರೆಗೋ ಉಣ್ಣಿ. ಪ್ಯಾನೆಲ್ ಶುರುವಾಗಿ ಹತ್ತು ನಿಮಿಷವಾದಾಗ ಶೌಚಾಲಯ ಖಾಲಿ, ಮುಗಿದ ಕೂಡಲೇ ಹೋದರೆ ಇಡೀ ಸಭಾಂಗಣವೇ ಅಲ್ಲಿರುತ್ತದೆ.

ಮನೆಗೆ ಬಂದ ಎರಡು ಮೂರು ದಿನಕ್ಕೆ ಗಂಟಲು ಕೆರೆತ, ನೆಗಡಿ ಬರುವುದು ಎಷ್ಟು ಸಾಮಾನ್ಯ ಎಂದರೆ ಅದಕ್ಕೆ ‘ಕಾನ್ ಫ್ಲೂ’ ಎಂಬ ಹೆಸರೇ ಬಿದ್ದಿದೆ. ತುಂಬಿದ ಸಭಾಂಗಣದಲ್ಲಿ ಮಾಸ್ಕ್, ತಿನ್ನುವ ಮುಂಚೆ ಕೈ ತೊಳೆಯುವುದು, ನೀರಿನ ಬಾಟಲಿ ಹಂಚಿಕೊಳ್ಳದಿರುವುದು ಇಷ್ಟು ಮಾಡಿದರೆ ಅಪಾಯ ತಗ್ಗುತ್ತದೆ. ಹೊರಡುವ ಮೊದಲೇ ಜ್ವರ ಇದ್ದರೆ ಹೋಗಬೇಡಿ, ಟಿಕೆಟ್ ದುಡ್ಡು ಹೋದರೂ ಸರಿ.

ಹೊರಡುವ ದಿನ

ಲಗೇಜು ಇಡುವ ಕೌಂಟರ್ ಕೊನೆಯ ದಿನ ಬೇಗ ತುಂಬುತ್ತದೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ರೈಲೋ ವಿಮಾನವೋ, ಹಾಲ್ ಮುಚ್ಚಿದ ಮೇಲೆ ಕನಿಷ್ಠ ಮೂರು ಗಂಟೆ ಬಿಟ್ಟು ಹಿಡಿಯಿರಿ; ಎಲ್ಲರೂ ಒಟ್ಟಿಗೆ ಹೊರಬರುವಾಗ ಟ್ಯಾಕ್ಸಿಗೂ ಕ್ಯೂ. ಪ್ರಿಂಟ್ ಮತ್ತು ಸಹಿ ಮಾಡಿಸಿದ ಪುಸ್ತಕಗಳು ಕೈಚೀಲದಲ್ಲಿ, ಕಾಸ್‌ಪ್ಲೇ ಕತ್ತಿ ಫೋಮಿನದ್ದಾದರೂ ವಿಮಾನದಲ್ಲಿ ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ.

ಮುಂದಿನ ವರ್ಷವೂ ಹೋಗುವ ಮನಸ್ಸಿದ್ದರೆ ಈ ಸಲ ನೋಂದಾಯಿಸಿದ ಇ-ಮೇಲ್ ಮತ್ತು ಸದಸ್ಯತ್ವದ ಸಂಖ್ಯೆಯನ್ನು ಜೋಪಾನ ಮಾಡಿ. ಸ್ಯಾನ್ ಡಿಯಾಗೋದಂಥ ಕಡೆ ಹಿಂದಿನ ವರ್ಷ ಬಂದವರಿಗೆ ಬೇರೆಯಾಗಿ, ಮೊದಲೇ ನೋಂದಣಿ ತೆರೆಯುತ್ತಾರೆ. ಹೊಸ ಖಾತೆಯಿಂದ ಪ್ರಯತ್ನಿಸಿದರೆ ಆ ಅವಕಾಶ ಸಿಗುವುದಿಲ್ಲ.